ವೈರಸ್ ಹಿಂದೆ ಹೋಗಿ ಜೀವಕೋಶದೊಳಗೆ ಸಿಕ್ಕಿಕೊಂಡೆ

ಪಿಎಚ್‌ಡಿಗೆ ಸೇರಿದ ಮೊದಲ ಕೆಲವು ತಿಂಗಳು ನನಗೆ ವೈರಸ್ ಮುಟ್ಟಲು ಬಿಡಲೇ ಇಲ್ಲ. ಲ್ಯಾಬ್ ಡೆಂಗಿ ವೈರಸ್ಸಿನದು, ನಾನು ಸೇರಿದ್ದೂ ಅದಕ್ಕೇ. ಕೇಳಿದಾಗೆಲ್ಲ ಗೈಡ್ ಹೇಳುತ್ತಿದ್ದದ್ದು ಒಂದೇ ಮಾತು: "ಮೊದಲು ಸೆಲ್ ಸಾಕೋದು ಕಲಿಯಮ್ಮ. ವೈರಸ್ ಎಲ್ಲಿಗೂ ಓಡಿ ಹೋಗಲ್ಲ."

ಆಗ ಬೇಜಾರಾಗುತ್ತಿತ್ತು. ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವ ಪಕ್ಕದ ಲ್ಯಾಬಿನವರು ಸಂಜೆ ಅಗಾರ್ ಪ್ಲೇಟಿನ ಮೇಲೆ ಗೀಚಿ ಹೋದರೆ ಬೆಳಗ್ಗೆ ಬರುವಷ್ಟರಲ್ಲಿ ಫಲಿತಾಂಶ ರೆಡಿ. ನಮಗೆ ಆ ಸುಖ ಇಲ್ಲ. ವೈರಸ್ ತನ್ನಷ್ಟಕ್ಕೆ ತಾನು ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಕೋಶ ಬೇಕೇ ಬೇಕು. ಹಾಗಾಗಿ ವೈರಸ್ ವಿಜ್ಞಾನಿ ಅನ್ನಿಸಿಕೊಂಡವರ ದಿನದ ಹೆಚ್ಚಿನ ಪಾಲು ಕೋಶಗಳ ಚಾಕರಿಯಲ್ಲೇ ಕಳೆಯುತ್ತದೆ. ಅವಕ್ಕೆ 37 ಡಿಗ್ರಿ ಬೇಕು, ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್ ಬೇಕು, ಕರುವಿನ ಸೀರಮ್ ಬೆರೆಸಿದ ಮೀಡಿಯಾ, ಅಂದರೆ ಪೋಷಕ ದ್ರವ ಬೇಕು. ಮೀಡಿಯಾ ಕೆಂಪಾಗಿದ್ದರೆ ಸರಿ. ಹಳದಿಗೆ ತಿರುಗಿತು ಅಂದರೆ ಆಮ್ಲ ಜಾಸ್ತಿಯಾಗಿದೆ, ಬದಲಾಯಿಸಬೇಕು. ಭಾನುವಾರ, ಹಬ್ಬ ಅಂತ ಅವಕ್ಕೆ ಗೊತ್ತಾಗುತ್ತದಾ? ಫ್ಲಾಸ್ಕ್ ತುಂಬಿಕೊಂಡಿತು ಅಂದರೆ ಆವತ್ತೇ ಬಿಡಿಸಿ ಬೇರೆ ಫ್ಲಾಸ್ಕಿಗೆ ಹಾಕಬೇಕು.

ನನ್ನ ಕೈಗೆ ಮೊದಲು ಕೊಟ್ಟದ್ದು ವೀರೋ ಕೋಶಗಳನ್ನು. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕದ ಹಸಿರು ಕೋತಿಯೊಂದರ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳ ಸಂತತಿ ಅದು. ಇವತ್ತಿಗೂ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ಬದುಕಿದೆ. ವೈರಸ್‌ಗಳಿಗೆ ವೀರೋ ಅಂದರೆ ಯಾಕೆ ಅಷ್ಟು ಇಷ್ಟ ಅನ್ನುವುದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ವೈರಸ್ ಒಳಗೆ ಬಂದದ್ದು ಗೊತ್ತಾದ ಕೂಡಲೇ ಕೋಶ ಇಂಟರ್‌ಫೆರಾನ್ ಅನ್ನುವ ಪ್ರೋಟೀನನ್ನು ಹೊರಗೆ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕಂಡುಹಿಡಿದದ್ದು ಇದನ್ನೇ. ವೀರೋ ಕೋಶದಲ್ಲಿ ಅದನ್ನು ತಯಾರಿಸುವ ಜೀನ್‌ಗಳೇ ಕಳೆದುಹೋಗಿವೆ. ಕೂಗಿ ಹೇಳಲು ಬಾಯೇ ಇಲ್ಲ. ವೈರಸ್ ಆರಾಮಾಗಿ ಬೆಳೆಯುತ್ತದೆ. ಅಂದರೆ ವೀರೋದಲ್ಲಿ ಕಂಡದ್ದನ್ನೆಲ್ಲ ಮನುಷ್ಯನ ಮೈಯಲ್ಲೂ ಹೀಗೇ ಆಗುತ್ತದೆ ಅಂದುಕೊಳ್ಳುವ ಹಾಗಿಲ್ಲ. ಇದು ತಲೆಗೆ ಹೋದ ಮೇಲೆ, "ಯಾವ ಕೋಶದಲ್ಲಿ ನೋಡಿದ್ದು?" ಅಂತ ಕೇಳದೆ ನಾನು ಯಾವ ಫಲಿತಾಂಶವನ್ನೂ ನಂಬಿಲ್ಲ.

ಡೆಂಗಿಗೆ ಇನ್ನೊಂದು ಮನೆಯೂ ಇದೆಯಲ್ಲ, ಸೊಳ್ಳೆ. ಅದಕ್ಕೆ ಸೊಳ್ಳೆ ಮರಿಹುಳುವಿನಿಂದ ಬೆಳೆಸಿದ ಸಿ6/36 ಕೋಶಗಳನ್ನು ಬೇರೆ ಇನ್‌ಕ್ಯುಬೇಟರಿನಲ್ಲಿ 28 ಡಿಗ್ರಿಯಲ್ಲಿ ಇಡುತ್ತಿದ್ದೆವು. ಒಂದೇ ವೈರಸ್, ಎರಡು ಪೂರಾ ಬೇರೆ ಜೀವಿಗಳ ಕೋಶಗಳಲ್ಲಿ ಸಂಸಾರ ಹೂಡುತ್ತದೆ. ಹೇಗೆ ಅನ್ನುವುದು ಆವತ್ತಿನಿಂದ ತಲೆಯಲ್ಲಿ ಕೊರೆಯಲು ಶುರುವಾದ ಹುಳ.

ಕೊನೆಗೂ ವೈರಸ್ ಕೈಗೆ ಬಂತು. ಮೊದಲು ಕಲಿತದ್ದು ಪ್ಲಾಕ್ ಅಸ್ಸೇ. 1952ರಲ್ಲಿ ರೆನಾಟೊ ಡುಲ್ಬೆಕೊ ಪ್ರಾಣಿ ವೈರಸ್‌ಗಳಿಗೆ ಒಗ್ಗಿಸಿಕೊಟ್ಟ ವಿಧಾನ. ಎಪ್ಪತ್ತು ವರ್ಷ ದಾಟಿದರೂ ಬದುಕಿರುವ ವೈರಸ್ ಎಷ್ಟಿದೆ ಅಂತ ಎಣಿಸಲು ಇದಕ್ಕಿಂತ ನಂಬಿಕೆಯದ್ದು ನನಗೆ ಗೊತ್ತಿಲ್ಲ. ವೈರಸ್ ಇರುವ ದ್ರವವನ್ನು ಹತ್ತಕ್ಕೆ ಒಂದು, ನೂರಕ್ಕೆ ಒಂದು, ಸಾವಿರಕ್ಕೆ ಒಂದು ಹೀಗೆ ತೆಳು ಮಾಡುತ್ತಾ ಹೋಗಬೇಕು. ಪ್ರತಿ ಸಲ ಪಿಪೆಟ್ಟಿಗೆ ಹೊಸ ಟಿಪ್, ಅಂದರೆ ದ್ರವ ಹೀರುವ ತುದಿ. ಒಂದೇ ಟಿಪ್ಪಿನಲ್ಲಿ ಮುಂದುವರಿಸಿದರೆ ಅದರ ಗೋಡೆಗೆ ಅಂಟಿದ ವೈರಸ್ಸೂ ಜೊತೆಗೆ ಬಂದು ಲೆಕ್ಕ ಹಾಳು. ಆಮೇಲೆ ಪ್ಲೇಟಿನ ಒಂದೊಂದು ಗುಣಿಯಲ್ಲೂ ಹಾಸಿಕೊಂಡಿರುವ ಕೋಶಗಳ ಮೇಲೆ ಸ್ವಲ್ಪ ಸ್ವಲ್ಪ ಬಿಟ್ಟು, ಒಂದು ಗಂಟೆ ಕಾಯಬೇಕು. ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಹದಿನೈದು ನಿಮಿಷಕ್ಕೊಮ್ಮೆ ಪ್ಲೇಟನ್ನು ಅಲುಗಿಸುತ್ತಿರಬೇಕು, ಇಲ್ಲದಿದ್ದರೆ ನಡುವಿನ ಕೋಶಗಳು ಒಣಗಿ ಸಾಯುತ್ತವೆ. ಕಡೆಗೆ ಗಂಜಿಯಷ್ಟು ಮಂದವಾದ ಮೀಥೈಲ್ ಸೆಲ್ಯುಲೋಸ್ ಸುರಿಯಬೇಕು. ಹುಟ್ಟಿದ ಹೊಸ ವೈರಸ್ ದೂರ ಈಜಿ ಹೋಗದೆ ಪಕ್ಕದ ಕೋಶಕ್ಕೆ ಮಾತ್ರ ತಗಲಲಿ ಅಂತ ಈ ಉಪಾಯ.

ಡೆಂಗಿ ನಿಧಾನದ ಪ್ರಾಣಿ. ಐದಾರು ದಿನ ಬೇಕು. ಆಮೇಲೆ ಫಾರ್ಮಲಿನ್ ಹಾಕಿ, ಮೇಲಿನ ಪದರ ತೊಳೆದು, ಕ್ರಿಸ್ಟಲ್ ವಯಲೆಟ್ ಬಣ್ಣ ಬಿಟ್ಟು, ಮತ್ತೆ ನೀರಿನಲ್ಲಿ ತೊಳೆದರೆ ಬದುಕಿದ ಕೋಶಗಳೆಲ್ಲ ನೇರಳೆಯಾಗಿ ಉಳಿಯುತ್ತವೆ. ಸತ್ತ ಜಾಗ ಖಾಲಿ. ಪ್ಲೇಟನ್ನು ಬೆಳಕಿಗೆ ಹಿಡಿದರೆ ನುಸಿ ತಿಂದ ನೇರಳೆ ಬಟ್ಟೆಯ ಹಾಗೆ ಸಣ್ಣ ಸಣ್ಣ ತೂತು. ಇವೇ ಪ್ಲಾಕ್. ಒಂದೊಂದು ತೂತೂ ಒಂದೇ ಒಂದು ವೈರಸ್ ಕಣದಿಂದ ಶುರುವಾದದ್ದು. ಕಣದ ಅಗಲ ಸುಮಾರು 50 ನ್ಯಾನೋಮೀಟರ್, ಮಾಮೂಲಿ ಮೈಕ್ರೋಸ್ಕೋಪಿಗೂ ಸಿಗದು. ಅದು ಮಾಡಿದ ಕೆಲಸವನ್ನು ನಾನು ಬರಿಗಣ್ಣಲ್ಲಿ ನೋಡುತ್ತಾ, ಪೆನ್ನಿನಲ್ಲಿ ಚುಕ್ಕೆ ಇಡುತ್ತಾ ಎಣಿಸುತ್ತಿದ್ದೆ. ಇಷ್ಟು ಖುಷಿ ಆಮೇಲಿನ ಯಾವ ದುಬಾರಿ ಯಂತ್ರವೂ ಕೊಟ್ಟಿಲ್ಲ.

ಪಿಸಿಆರ್ ಇದೆಯಲ್ಲ, ಯಾಕಿಷ್ಟು ಪಾಡು ಅಂತ ಕೇಳುವವರಿದ್ದಾರೆ. ಪಿಸಿಆರ್ ಬೇಗ ಆಗುತ್ತದೆ, ನಿಜ. ವೈರಸ್ಸಿನ ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ತಿರುಗಿಸಿ, ಅದನ್ನು ಮತ್ತೆ ಮತ್ತೆ ದ್ವಿಗುಣ ಮಾಡಿ, ಎಷ್ಟನೇ ಸುತ್ತಿನಲ್ಲಿ ಬೆಳಕು ಕಂಡಿತು ಅಂತ ನೋಡುವುದು. ಸುಮಾರು 3.3 ಸುತ್ತು ಹಿಂದೆ ಮುಂದೆ ಆದರೆ ವೈರಸ್ ಆರ್‌ಎನ್‌ಎ ಹತ್ತು ಪಟ್ಟು ಹೆಚ್ಚು ಕಡಿಮೆ ಅಂತ ಅರ್ಥ. ಆದರೆ ಅದು ಎಣಿಸುವುದು ಆರ್‌ಎನ್‌ಎಯನ್ನು. ಸತ್ತ ಕಣದ್ದೂ ಸೇರುತ್ತದೆ, ಅರ್ಧಂಬರ್ಧ ಕಟ್ಟಿದ್ದೂ ಸೇರುತ್ತದೆ. ಔಷಧಿಯೊಂದು ವೈರಸ್ಸನ್ನು ಸೋಂಕು ಹರಡದ ಹಾಗೆ ಮಾಡಿದ್ದರೂ ಪಿಸಿಆರ್ "ಇದೆ, ಇದೆ" ಅನ್ನಬಹುದು. ಎರಡನ್ನೂ ಮಾಡಿ, ಎರಡೂ ಒಂದೇ ಮಾತು ಹೇಳಿದರೆ ಮಾತ್ರ ನೆಮ್ಮದಿ.

ಇಲ್ಲೊಂದು ಕಿರಿಕಿರಿಯ ಕಥೆ ಹೇಳಲೇಬೇಕು. ಬೇರೊಂದು ಲ್ಯಾಬಿನಿಂದ ನಮಗೆ ಮನುಷ್ಯನ ಯಕೃತ್ತಿನ ಕೋಶಗಳು ಬಂದವು. ನೋಡಲು ಚೆನ್ನಾಗಿದ್ದವು, ಬೆಳೆಯುತ್ತಲೂ ಇದ್ದವು. ಆದರೆ ಇಂಟರ್‌ಫೆರಾನ್ ಪ್ರಯೋಗದ ಅಂಕಿಗಳು ಒಂದು ವಾರ ಹೀಗೆ, ಇನ್ನೊಂದು ವಾರ ಹಾಗೆ. ಸೀರಮ್ ಬದಲಾಯಿಸಿದೆವು, ಹೊಸದಾಗಿ ವೈರಸ್ ಬೆಳೆಸಿದೆವು, ಆಂಟಿಬಾಡಿ ಬೇರೆ ತರಿಸಿದೆವು. ಕೊನೆಗೆ ಲ್ಯಾಬಿನ ಸೀನಿಯರ್ ಒಬ್ಬರು ಕೋಶಗಳಿಗೆ ಡಿಎನ್‌ಎ ಬಣ್ಣ ಹಾಕಿ ನೋಡಿ ನನ್ನನ್ನು ಕರೆದರು. ನೀಲಿ ಕಾಣಬೇಕಾದ್ದು ನ್ಯೂಕ್ಲಿಯಸ್ ಮಾತ್ರ. ಇಲ್ಲಿ ನ್ಯೂಕ್ಲಿಯಸ್ಸಿನ ಹೊರಗೂ ಕೋಶದ ಮೈತುಂಬ ನೀಲಿ ಪುಡಿ ಉದುರಿಸಿದ ಹಾಗಿತ್ತು. "ಮೈಕೋಪ್ಲಾಸ್ಮಾ ಕಣೇ," ಅಂದರು. ಆವತ್ತು ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಮೈಕೋಪ್ಲಾಸ್ಮಾ ಅಂದರೆ ಕೋಶಭಿತ್ತಿಯೇ ಇಲ್ಲದ ಪುಟ್ಟ ಬ್ಯಾಕ್ಟೀರಿಯಾ. ಭಿತ್ತಿ ಇಲ್ಲದ್ದಕ್ಕೆ ಪೆನ್ಸಿಲಿನ್ ನಾಟುವುದಿಲ್ಲ. ಎಷ್ಟು ಸಣ್ಣದೆಂದರೆ ನಾವು ಮೀಡಿಯಾ ಸೋಸುವ ಫಿಲ್ಟರಿನಲ್ಲೂ ನುಸುಳಬಹುದು. ಮೀಡಿಯಾ ಕದಡುವುದಿಲ್ಲ, ಕೋಶ ಸಾಯುವುದೂ ಇಲ್ಲ. ಸುಮ್ನೆ ಒಳಗೊಳಗೇ ಕೋಶದ ಆಹಾರ ತಿಂದು, ಅದರ ರಕ್ಷಣಾ ವ್ಯವಸ್ಥೆಯನ್ನು ಕೆಣಕುತ್ತಾ ಇರುತ್ತದೆ. ನಾವು ಅಳೆಯುತ್ತಿದ್ದದ್ದೂ ಅದೇ ರಕ್ಷಣಾ ವ್ಯವಸ್ಥೆಯನ್ನು! ಆ ಕೋಶಗಳನ್ನೂ, ಅವುಗಳ ಮೇಲೆ ತೆಗೆದ ಅಂಕಿಗಳನ್ನೂ ಎಸೆದೆವು. ಕಳಿಸಿದ ಲ್ಯಾಬಿಗೆ ತಿಳಿಸಿದೆವು, ಉತ್ತರ ಬರಲಿಲ್ಲ. ಅಂದಿನಿಂದ ಹೊರಗಿಂದ ಬಂದ ಯಾವ ಕೋಶವೂ ಪರೀಕ್ಷೆ ಆಗುವ ತನಕ ಬೇರೆ ಇನ್‌ಕ್ಯುಬೇಟರಿನಲ್ಲೇ ಇರಬೇಕು. ಈಗ ನನ್ನದೇ ಲ್ಯಾಬಿನಲ್ಲೂ ಇದೇ ನಿಯಮ. ಎಷ್ಟೇ ದೊಡ್ಡ ಹೆಸರಿನವರು ಕಳಿಸಿದ್ದಾದರೂ ಸರಿ.

ಪಿಎಚ್‌ಡಿಯ ಪ್ರಶ್ನೆ ಏನಿತ್ತು ಅಂತ ಹೇಳದೆ ಮುಂದೆ ಹೋದೆ. ಡೆಂಗಿ ವೈರಸ್ಸಿನ ಜೀನೋಮ್ ಅಂದರೆ ಸುಮಾರು 10,700 ಅಕ್ಷರಗಳ ಒಂದೇ ಒಂದು ಆರ್‌ಎನ್‌ಎ ಎಳೆ. ಅದರಿಂದ ಒಂದು ಉದ್ದನೆಯ ಪ್ರೋಟೀನ್ ತಯಾರಾಗಿ ಹತ್ತು ತುಂಡಾಗುತ್ತದೆ. ಅಷ್ಟೇ ಅದರ ಆಸ್ತಿ. ಆ ತುಂಡು ಮಾಡುವ ಕೆಲಸದಲ್ಲೂ ಕೆಲವು ಕಡೆ ಮಾತ್ರ ಸ್ವಂತ ಕತ್ತರಿ, ಉಳಿದ ಕಡೆ ಕೋಶದ ಕತ್ತರಿ. ಮನುಷ್ಯನ ಕೋಶದಲ್ಲಿ ಪ್ರೋಟೀನಿಗೆ ಸಂಬಂಧಪಟ್ಟ ಜೀನ್‌ಗಳೇ ಸುಮಾರು 20,000. ಹತ್ತು ಪ್ರೋಟೀನ್ ಇಟ್ಟುಕೊಂಡು ಇಷ್ಟು ದೊಡ್ಡ ವ್ಯವಸ್ಥೆಯನ್ನು ಬಗ್ಗಿಸುತ್ತದೆ ಅಂದರೆ ಪ್ರತಿಯೊಂದೂ ಹಲವು ಕೆಲಸ ಮಾಡುತ್ತಿರಬೇಕು, ಅಲ್ವಾ?

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎನ್‌ಎಸ್5. ವೈರಸ್ಸಿನ ಆರ್‌ಎನ್‌ಎ ನಕಲು ತೆಗೆಯುವುದು ಅದರ ಮುಖ್ಯ ಕೆಲಸ. ಆ ನಕಲು ನಡೆಯುವುದು ನ್ಯೂಕ್ಲಿಯಸ್ಸಿನ ಹೊರಗೆ, ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಪೊರೆಗಳ ಮಡಿಕೆಯಲ್ಲಿ. ಆದರೆ ಡೆಂಗಿಯ ಎರಡನೇ ಬಗೆಯ ವೈರಸ್ ತಗಲಿದ ಕೋಶಕ್ಕೆ ಬಣ್ಣ ಹಾಕಿ ನೋಡಿದರೆ, ನಕಲಾಗುತ್ತಿರುವ ಆರ್‌ಎನ್‌ಎ ಕೆಂಪಗೆ ನ್ಯೂಕ್ಲಿಯಸ್ಸಿನ ಸುತ್ತ ಕಾಣುತ್ತದೆ, ನಕಲು ತೆಗೆಯಬೇಕಾದ ಎನ್‌ಎಸ್5 ಹಸಿರಾಗಿ ನ್ಯೂಕ್ಲಿಯಸ್ಸಿನ ಒಳಗೆ ಹೋಗಿ ಕೂತಿರುತ್ತದೆ! ಕೆಲಸದ ಜಾಗ ಒಂದು ಕಡೆ, ಕೆಲಸಗಾರ ಇನ್ನೊಂದು ಕಡೆ. ಅಲ್ಲಿ ಏನು ಮಾಡುತ್ತಿದೆ, ಯಾವ ಪ್ರೋಟೀನಿನ ಜೊತೆ ಸೇರಿಕೊಂಡಿದೆ ಅನ್ನುವುದು ನನ್ನ ಥೀಸಿಸ್.

ವೈರಸ್ಸನ್ನು ಬಗ್ಗುಬಡಿಯುವ ಔಷಧಿ ಹುಡುಕುತ್ತೇನೆ ಅಂತ ಬಂದವಳು ನಾನು. ಎನ್‌ಎಸ್5 ಹಿಡಿದುಕೊಂಡು ಹೊರಟರೆ ದಾರಿಯೆಲ್ಲ ಕೋಶದ ಕಡೆಗೇ ಹೋಯಿತು. ಉದಾಹರಣೆಗೆ, ಇದೇ ಎನ್‌ಎಸ್5 ಇಂಟರ್‌ಫೆರಾನ್ ಸಂದೇಶ ಮುಟ್ಟಿಸುವ ಸ್ಟ್ಯಾಟ್2 ಅನ್ನುವ ಪ್ರೋಟೀನನ್ನು ನಾಶ ಮಾಡಿಸುತ್ತದೆ. ನಾಶ ಮಾಡುವುದೂ ಸ್ವಂತ ಕೈಯಿಂದಲ್ಲ, ಕೋಶದ ಕಸ ವಿಲೇವಾರಿ ವ್ಯವಸ್ಥೆಯಿಂದಲೇ. ಆದರೆ ಇಲಿಯ ಸ್ಟ್ಯಾಟ್2 ಮೇಲೆ ಈ ಆಟ ನಡೆಯುವುದಿಲ್ಲ. ಮಾಮೂಲಿ ಇಲಿಗಳಲ್ಲಿ ಡೆಂಗಿ ಸರಿಯಾಗಿ ಬೆಳೆಯದಿರುವುದಕ್ಕೆ ಇದೂ ಒಂದು ಕಾರಣ. ಹಾಗಾಗಿಯೇ ಔಷಧಿ ಪರೀಕ್ಷೆಗೆ ಇಂಟರ್‌ಫೆರಾನ್ ಗ್ರಾಹಕಗಳೇ ಇಲ್ಲದ ವಿಶೇಷ ಇಲಿಗಳು ಬೇಕಾಗುತ್ತವೆ.

ಆ ದಿನಗಳಲ್ಲಿ ಹಳೆಯ ಪೇಪರುಗಳನ್ನು ಓದುವ ಗೀಳು ಹತ್ತಿತು. ಒಂದು ವಿಷಯ ನನ್ನನ್ನು ಬೆರಗಾಗಿಸಿತು. ಅಣುಜೀವಶಾಸ್ತ್ರದ ಪಠ್ಯದಲ್ಲಿ ಕೋಶದ ಸಂಗತಿ ಅಂತ ಓದಿದ್ದರಲ್ಲಿ ಎಷ್ಟೋ ಸಿಕ್ಕಿದ್ದು ವೈರಸ್‌ಗಳಿಂದ. ಆರ್‌ಎನ್‌ಎಯಿಂದ ಡಿಎನ್‌ಎ ಆಗಬಹುದು ಅಂತ ಗೊತ್ತಾದದ್ದು 1970ರಲ್ಲಿ, ಕ್ಯಾನ್ಸರ್ ತರುವ ವೈರಸ್‌ಗಳಿಂದ. ಹವರ್ಡ್ ಟೆಮಿನ್, ಡೇವಿಡ್ ಬಾಲ್ಟಿಮೋರ್ ಬೇರೆ ಬೇರೆಯಾಗಿ ಕಂಡುಹಿಡಿದು ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದರು. ಹಾಗೆ ಆರ್‌ಎನ್‌ಎಯನ್ನು ಡಿಎನ್‌ಎ ಮಾಡುವ ಕಿಣ್ವ ಇಲ್ಲದಿದ್ದರೆ ನಾನು ದಿನಾ ಮಾಡುವ ಆರ್‌ಎನ್‌ಎ ಪಿಸಿಆರ್ ಇಲ್ಲ. 1975ರ ನೊಬೆಲ್‌ನಲ್ಲಿ ಅವರಿಬ್ಬರ ಜೊತೆ ಮೂರನೆಯವರು ಯಾರು ಗೊತ್ತಾ? ಪ್ಲಾಕ್ ಎಣಿಸಲು ಕಲಿಸಿದ ಅದೇ ಡುಲ್ಬೆಕೊ. ಜೀನ್‌ಗಳ ಒಳಗೇ ನಡುನಡುವೆ ಬೇಡದ ತುಂಡುಗಳಿರುತ್ತವೆ, ಕೋಶ ಆರ್‌ಎನ್‌ಎ ನಕಲಿನಿಂದ ಅವನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸುತ್ತದೆ ಅನ್ನುವ ಸ್ಪ್ಲೈಸಿಂಗ್ 1977ರಲ್ಲಿ ಸಿಕ್ಕಿದ್ದು ಶೀತ ಜ್ವರ ತರುವ ಅಡೆನೋವೈರಸ್ಸಿನಲ್ಲಿ. ವೈರಸ್ಸಿನ ಡಿಎನ್‌ಎ ಜೊತೆ ಅದರ ಆರ್‌ಎನ್‌ಎಯನ್ನು ಅಂಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಜೋಡಿ ಸಿಗದ ಡಿಎನ್‌ಎ ಕುಣಿಕೆ ಕುಣಿಕೆಯಾಗಿ ಹೊರಗೆ ನಿಂತಿತ್ತು. ಕ್ಯಾನ್ಸರ್ ಓದುವವರೆಲ್ಲ ಜಪಿಸುವ ಪಿ53 ಪ್ರೋಟೀನ್ ಕೂಡ 1979ರಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಎಸ್‌ವಿ40 ವೈರಸ್ಸಿನ ಪ್ರೋಟೀನಿಗೆ ಅಂಟಿಕೊಂಡು.

ಇದನ್ನು ಗೈಡ್ ಹತ್ತಿರ ಉತ್ಸಾಹದಿಂದ ಹೇಳಿದೆ. ಅವರು ನಕ್ಕು, "ಸೆಲ್‌ನಲ್ಲಿ ಮುಖ್ಯವಾದದ್ದು ಯಾವುದು ಅಂತ ವೈರಸ್‌ಗೆ ನಮಗಿಂತ ಚೆನ್ನಾಗಿ ಗೊತ್ತು ಕಣಮ್ಮ. ಅದು ಎಲ್ಲಿಗೆ ಕೈ ಹಾಕುತ್ತೋ ಅಲ್ಲಿ ನೋಡು," ಅಂದರು.

ಥೀಸಿಸ್ ಮುಗಿಯಿತು. ಪೇಪರ್ ಕಳಿಸಿದ ಮೇಲಿನ ಕಥೆ ಸಂಶೋಧನೆಯಲ್ಲಿರುವ ಎಲ್ಲರಿಗೂ ಗೊತ್ತಿರುವುದೇ. ಒಬ್ಬ ರಿವ್ಯೂವರ್ ಚೆನ್ನಾಗಿದೆ ಅಂದರು, ಇನ್ನೊಬ್ಬರು ಪುಟಗಟ್ಟಲೆ ಬರೆದರು. ಆಗ ಕೋಪ ನೆತ್ತಿಗೇರಿತ್ತು. ಅವರು ಕೇಳಿದ್ದರಲ್ಲಿ ಒಂದು ಪ್ರಯೋಗ ಮಾತ್ರ ನ್ಯಾಯವಾದದ್ದೇ. ಕೋಶದಿಂದ ಒಂದು ಜೀನ್ ತೆಗೆದಾಗ ವೈರಸ್ ಕಡಿಮೆಯಾಯಿತು ಅಂತ ತೋರಿಸಿದ್ದೆವು. ಆ ಜೀನ್ ವಾಪಸ್ ಹಾಕಿದರೆ ವೈರಸ್ ಮತ್ತೆ ಏರುತ್ತದಾ ಅಂತ ಅವರು ಕೇಳಿದರು. ಏರಿತು. ಪೇಪರ್ ಗಟ್ಟಿಯಾಯಿತು. ಉಳಿದ ಬೇಡಿಕೆಗಳ ಬಗ್ಗೆ ನನ್ನ ಅಭಿಪ್ರಾಯ ಈಗಲೂ ಬದಲಾಗಿಲ್ಲ.

ಪೋಸ್ಟ್‌ಡಾಕ್‌ಗೆ, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಗೆ ಹೋದಾಗ, ಬೇಕಾದ ಜೀನನ್ನು ಕತ್ತರಿಸುವ ಕ್ರಿಸ್ಪರ್ ತಂತ್ರ ಹೊಸದಾಗಿ ಎಲ್ಲರ ಕೈಗೂ ಬರುತ್ತಿತ್ತು. ಮೊದಲು ಒಂದು ಪ್ರೋಟೀನಿನ ಮೇಲೆ ಅನುಮಾನ ಬಂದರೆ ಅದೊಂದನ್ನೇ ಹಿಡಿದು ವರ್ಷಗಟ್ಟಲೆ ಕೂರಬೇಕಿತ್ತು. ಈಗ ಒಂದೇ ಪ್ರಯೋಗದಲ್ಲಿ ಲೆಕ್ಕಕ್ಕೆ ಸುಮಾರು ಎಲ್ಲ ಜೀನ್‌ಗಳನ್ನೂ ಕೇಳಬಹುದು. ಕೋಟಿಗಟ್ಟಲೆ ಕೋಶ ತೆಗೆದುಕೊಂಡು ಒಂದೊಂದರಲ್ಲಿ ಒಂದೊಂದು ಜೀನ್ ಮುರಿಯುವುದು. ಎಲ್ಲದರ ಮೇಲೂ ಡೆಂಗಿ ಬಿಡುವುದು. ಹೆಚ್ಚಿನವು ಸಾಯುತ್ತವೆ. ಬದುಕಿದವುಗಳಲ್ಲಿ ಯಾವ ಜೀನ್ ಮುರಿದಿತ್ತು ಅಂತ ಸೀಕ್ವೆನ್ಸ್ ಮಾಡಿ, ಅಂದರೆ ಡಿಎನ್‌ಎ ಅಕ್ಷರಗಳನ್ನು ಓದಿ ನೋಡುವುದು. ಯಾವ ಜೀನ್ ಇಲ್ಲದಿದ್ದರೆ ವೈರಸ್‌ಗೆ ಗತಿ ಇಲ್ಲವೋ ಅದು ಪಟ್ಟಿಯ ತಲೆಗೆ ಬರುತ್ತದೆ.

2016ರಲ್ಲಿ ಇಂಥ ಹುಡುಕಾಟಗಳ ಪೇಪರುಗಳು ಬಂದವು. ಡೆಂಗಿಯ ಪಟ್ಟಿಯಲ್ಲಿ ಮೇಲೆ ಬಂದದ್ದು ಕೋಶದ ಒಎಸ್‌ಟಿ ಅನ್ನುವ ಪ್ರೋಟೀನುಗಳ ಕೂಟ. ಹೊಸದಾಗಿ ತಯಾರಾಗುವ ಪ್ರೋಟೀನುಗಳಿಗೆ ಸಕ್ಕರೆಯ ಸರ ಅಂಟಿಸುವುದು ಅದರ ಕಸುಬು. ಡೆಂಗಿಯ ಪ್ರೋಟೀನುಗಳಿಗೂ ಸಕ್ಕರೆ ಬೇಕು, ಅದಕ್ಕೇ ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಒಎಸ್‌ಟಿ ಮುರಿದ ಕೋಶಕ್ಕೆ, ಸಕ್ಕರೆ ಅಂಟಿಸುವ ಶಕ್ತಿ ಕಳೆದುಕೊಂಡ ಒಎಸ್‌ಟಿ ತುಂಡು ವಾಪಸ್ ಕೊಟ್ಟರೂ ವೈರಸ್ ಬೆಳೆಯಿತು. ಅಂದರೆ ಅದರ ಕಸುಬು ಬೇಡ, ಅದು ಅಲ್ಲಿ ಇದ್ದರೆ ಸಾಕು! ಈ ಫಲಿತಾಂಶ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಸುಬನ್ನೇ ತಡೆಯುವ ಔಷಧಿ ಮಾಡಲು ಹೊರಟರೆ ಗುರಿಯೇ ತಪ್ಪಬಹುದಲ್ಲ.

ವೈರಸ್ ಗೊತ್ತಿದ್ದರೂ ಕೋಶ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹೆಪಟೈಟಿಸ್ ಬಿ ಮತ್ತು ಸಿ ನೋಡಬೇಕು. ಸಿ ವೈರಸ್ಸಿನ ಗುರುತು ಸಿಕ್ಕಿದ್ದು 1989ರಲ್ಲಿ. ಅದನ್ನು ಲ್ಯಾಬಿನ ಕೋಶಗಳಲ್ಲಿ ಪೂರ್ತಿಯಾಗಿ ಬೆಳೆಸಲು ಸಾಧ್ಯವಾದದ್ದು 2005ರಲ್ಲಿ. ಬಿ ವೈರಸ್ಸಿನ ಸುಳಿವು 1960ರ ದಶಕದಲ್ಲೇ ಇತ್ತು, ಅದು ಯಕೃತ್ತಿನ ಕೋಶದ ಯಾವ ಬಾಗಿಲಿನಿಂದ ಒಳಗೆ ಹೋಗುತ್ತದೆ ಅಂತ ತಿಳಿದದ್ದು 2012ರಲ್ಲಿ. ಪಿತ್ತದ ಲವಣ ಸಾಗಿಸುವ ಎನ್‌ಟಿಸಿಪಿ ಅನ್ನುವ ಪ್ರೋಟೀನ್ ಅದು. ಅದೊಂದನ್ನು ಸೇರಿಸಿದ ಮೇಲೆ, ಅದುವರೆಗೆ ಸೋಂಕು ತಗಲದೆ ಸತಾಯಿಸುತ್ತಿದ್ದ ಯಕೃತ್ತಿನ ಕೋಶಗಳು ಸೋಂಕಿಗೆ ಒಳಗಾದವು.

ಸ್ವಂತ ಲ್ಯಾಬ್ ಶುರು ಮಾಡಿದಾಗ ಗ್ರಾಂಟ್ ಅರ್ಜಿಯಲ್ಲಿ ನಾನು ಬರೆದದ್ದೂ ಇದನ್ನೇ. ಔಷಧಿಯ ಗುರಿ ವೈರಸ್ ಆಗಬೇಕಿಲ್ಲ, ವೈರಸ್ ಆತುಕೊಂಡಿರುವ ಕೋಶದ ಪ್ರೋಟೀನ್ ಆಗಬಹುದು. ಡೆಂಗಿಯಂಥ ವೈರಸ್ಸಿನ ಆರ್‌ಎನ್‌ಎ ನಕಲಾಗುವಾಗ ತಪ್ಪು ತಿದ್ದುವವರಿಲ್ಲ, ಬೇಗ ಬೇಗ ರೂಪ ಬದಲಾಗುತ್ತದೆ, ಔಷಧಿಗೆ ಬಗ್ಗದೆ ಹೋಗುತ್ತದೆ. ಕೋಶದ ಜೀನ್ ಅಷ್ಟು ಬೇಗ ಬದಲಾಗುವುದಿಲ್ಲ. ಮೊದಲ ಸಲ ಅರ್ಜಿ ತಿರಸ್ಕಾರವಾಯಿತು. ಕೋಶಕ್ಕೇ ಪೆಟ್ಟು ಬಿದ್ದರೆ ರೋಗಿಯ ಗತಿ ಏನು ಅಂತ ಕೇಳಿದ್ದರು. ಕೇಳಬೇಕಾದ ಪ್ರಶ್ನೆಯೇ. ಎಚ್‌ಐವಿಗೆ ಮರಾವಿರಾಕ್ ಅನ್ನುವ ಔಷಧಿ ಇದೆಯಲ್ಲ, ಅದು ತಡೆಯುವುದು ವೈರಸ್ ಒಳಗೆ ಹೋಗಲು ಬಳಸುವ ಮನುಷ್ಯನದೇ ಸಿಸಿಆರ್5 ಪ್ರೋಟೀನನ್ನು, ಅಮೆರಿಕದಲ್ಲಿ 2007ರಲ್ಲೇ ಒಪ್ಪಿಗೆ ಸಿಕ್ಕಿದೆ ಅಂತ ಮುಂದಿನ ಅರ್ಜಿಯಲ್ಲಿ ಉತ್ತರ ಬರೆದೆ. ಹಣ ಬಂತು.

2020ರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಬರೆಯುವುದಿಲ್ಲ. ಜನವರಿಯಲ್ಲಿ ಹೊಸ ವೈರಸ್ಸಿನ ಜೀನೋಮ್ ಹೊರಗೆ ಬಂತು, ಅದೇ ತಿಂಗಳು ಪಿಸಿಆರ್ ಪರೀಕ್ಷೆಯ ವಿಧಾನವೂ ಬಂತು. ಡೆಂಗಿಗೆ ಪಳಗಿದ ನಮ್ಮ ಕೈಗಳು ಆರ್‌ಎನ್‌ಎ ತೆಗೆಯುವ ಕೆಲಸಕ್ಕೆ ಇಳಿದವು. ಪ್ಲೇಟ್ ಮೇಲೆ ಪ್ಲೇಟ್, ಪಾಳಿ ಮೇಲೆ ಪಾಳಿ. ಪ್ರತಿ ಪ್ಲೇಟಿನಲ್ಲೂ ಮಾದರಿಯ ಬದಲು ನೀರು ಹಾಕಿದ ಗುಣಿಯೊಂದು ಇರುತ್ತದೆ. ಅಲ್ಲಿ ಬೆಳಕು ಕಂಡರೆ ಇಡೀ ಪ್ಲೇಟ್ ನಂಬುವ ಹಾಗಿಲ್ಲ, ಮತ್ತೆ ಮೊದಲಿಂದ. ಫಲಿತಾಂಶ ಕೊಡಿ ಅಂತ ಫೋನುಗಳು ಹೊಡೆದುಕೊಳ್ಳುತ್ತಿದ್ದರೂ ಆ ನೀರಿನ ಗುಣಿ ನೋಡದೆ ನನ್ನ ವಿದ್ಯಾರ್ಥಿಗಳು ಒಂದು ಹೆಸರಿನ ಮುಂದೆಯೂ ಪಾಸಿಟಿವ್ ಅಂತ ಬರೆಯಲಿಲ್ಲ. ಅವರ ಬಗ್ಗೆ ನನಗೆ ಹೆಮ್ಮೆ ಇರುವುದು ಆಮೇಲೆ ಬಂದ ಪೇಪರುಗಳಿಗಲ್ಲ, ಇದಕ್ಕೆ.

ಈಗ ನಾನು ಪಿಪೆಟ್ ಹಿಡಿಯುವುದು ಕಡಿಮೆ. ಅರ್ಜಿ, ವರದಿ, ಸುರಕ್ಷತಾ ಸಮಿತಿ, ದ್ರವ ಸಾರಜನಕದ ಬಿಲ್ಲು, ಇವೇ ಜಾಸ್ತಿ. ಆದರೂ ಹೊಸದಾಗಿ ಸೇರಿದವರಿಗೆ ಕೋಶ ಸಾಕುವುದನ್ನು ನಾನೇ ಕಲಿಸುತ್ತೇನೆ, ವೈರಸ್ ಮುಟ್ಟಲು ಕೆಲವು ತಿಂಗಳು ಬಿಡುವುದಿಲ್ಲ. ಅವರೂ ಬೇಜಾರು ಮಾಡಿಕೊಳ್ಳುತ್ತಾರೆ.

ಸದ್ಯ ಲ್ಯಾಬಿನಲ್ಲಿ ಒಬ್ಬಳು ಹುಡುಗಿ ಸೊಳ್ಳೆಯ ಕೋಶಗಳಲ್ಲಿ ಒಎಸ್‌ಟಿ ಹಿಂದೆ ಬಿದ್ದಿದ್ದಾಳೆ. ಮನುಷ್ಯನ ಕೋಶದಲ್ಲಿ ಅದು ಸುಮ್ನೆ ಇದ್ದರೆ ಸಾಕು ಅನ್ನುವ ಡೆಂಗಿ, ಸೊಳ್ಳೆಯಲ್ಲೂ ಹಾಗೇ ಅನ್ನುತ್ತದಾ ಅನ್ನುವುದು ಅವಳ ಪ್ರಶ್ನೆ. "ಮೇಡಂ, ಸೊಳ್ಳೆ ಸೆಲ್ ತುಂಬಾ ಸತಾಯಿಸ್ತಿವೆ, ಜೀನ್ ಮುರಿಯೋದೇ ಕಷ್ಟ," ಅಂತ ಮೊನ್ನೆ ಬಂದು ಗೊಣಗಿದಳು. ಮೈಕೋಪ್ಲಾಸ್ಮಾ ಪರೀಕ್ಷೆ ಆಗಿದೆಯಾ ಅಂತ ಕೇಳಿದೆ. ಆಗಿದೆಯಂತೆ, ನೆಗೆಟಿವ್. ಹಾಗಾದರೆ 28 ಡಿಗ್ರಿಯ ಇನ್‌ಕ್ಯುಬೇಟರ್ ತೆಗೆದು ಒಟ್ಟಿಗೆ ನೋಡೋಣ ನಡಿ ಅಂದೆ.